ಶೂದ್ರ ತಪಸ್ವಿಯ ಕವಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯ ಚೆಲುವಾದ ಮಲೆನಾಡು. ದಟ್ಟವಾದ ಕಾಡು, ಅಡಕೆಯ ತೋಟ, ಹಸುರು ಗದ್ದೆಗಳ ಈ ನಾಡಿನಲ್ಲಿಯೂ ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವ ರೂಢಿ ಬೇರೂರಿತ್ತು. ಆ ರೂಢಿಯ ಹರಿತವಾದ ಆಯುಧ ಮಾತು. ಅಂಥ ಮಾತೊಂದರ ವಿಷವನ್ನಿಳಿಸಲು ಶ್ರಮಿಸಿದವರು ಕುವೆಂಪು.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದರು. ಬಾಲ್ಯ ಕಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಒಕ್ಕಲಿಗ ಮನೆತನದಲ್ಲಿ. ತೀರ್ಥಹಳ್ಳಿಯಲ್ಲಿಯೂ ಮೈಸೂರಿನಲ್ಲಿಯೂ ಓದಿ, ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು.

ಅವರ ಜನರನ್ನು ಸಮಾಜ ಕರೆಯುತ್ತಿದ್ದ ಹೆಸರು ಶೂದ್ರ. ಈ ಪದ ಋಗ್ವೇದದ ಪುರುಷಸೂಕ್ತದಷ್ಟು ಹಳೆಯದು. ವಿರಾಟ್ ಪುರುಷನ ಪಾದಗಳಿಂದ ಶೂದ್ರನು ಹುಟ್ಟಿದನೆಂದು ಅಲ್ಲಿ ಹೇಳಿದೆ. ಮುಂದೆ ಸ್ಮೃತಿಗಳು ಅವನಿಗೆ ವೇದಾಧ್ಯಯನವನ್ನು ನಿಷೇಧಿಸಿ, ಸೇವೆಯೇ ಧರ್ಮವೆಂದು ವಿಧಿಸಿದವು. ವರ್ಣದ ಹೆಸರು ಹೀಗೆ ಹೀಯಾಳಿಕೆಯ ಮಾತಾಯಿತು. ಬೈಗುಳದ ಕೇಡು ಕ್ಷಣದ ನೋವಿಗೆ ಮುಗಿಯುವುದಿಲ್ಲ. ಅದನ್ನು ಪದೇ ಪದೇ ಕೇಳಿದವನು ತಾನು ಕೀಳೆಂದು ತಾನೇ ನಂಬತೊಡಗುತ್ತಾನೆ. ಆಡುವವನ ಮನಸ್ಸು ಅಹಂಕಾರದಿಂದ ಕುರುಡಾಗುತ್ತದೆ.

ಈ ಎರಡು ರೋಗಗಳಿಗೂ ಕುವೆಂಪು ಸಾಹಿತ್ಯದಲ್ಲಿ ಮದ್ದನ್ನರಸಿದರು. 1928ರ ‘ಜಲಗಾರ’ ನಾಟಕದಲ್ಲಿ ಬೀದಿ ಗುಡಿಸುವವನಿಗೆ ಶಿವನು ಜಲಗಾರನ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತಾನೆ. 1944ರ ‘ಶೂದ್ರ ತಪಸ್ವಿ’ ಇನ್ನೂ ದಿಟ್ಟವಾದುದು. ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ತಪ್ಪಿಗೆ ಶಂಬೂಕನು ರಾಮನಿಂದ ಹತನಾಗುತ್ತಾನೆ. ಕುವೆಂಪು ಅವರ ನಾಟಕದಲ್ಲಿ ರಾಮನ ಅಸ್ತ್ರವು ತಪಸ್ವಿಯನ್ನು ಕೊಲ್ಲದೆ, ದೂರು ತಂದ ವೃದ್ಧ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಆತನ ಕಣ್ಣು ತೆರೆದು, ಶಂಬೂಕನಿಗೆ ನಮಸ್ಕರಿಸುತ್ತಾನೆ. ಪುರಾಣಕಥೆಯನ್ನು ಹೀಗೆ ಬದಲಿಸಿದ್ದನ್ನು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಹಿಂಜರಿಯಲಿಲ್ಲ. ಹೀನವೆನಿಸಿದ್ದ ಪದವನ್ನು ತಪಸ್ವಿಯ ಪಕ್ಕದಲ್ಲಿ ನಿಲ್ಲಿಸಿ ಅವರು ಅದಕ್ಕೆ ಗೌರವ ತಂದರು. ಅಮೆರಿಕದ ನೀಗ್ರೋ ಜನರು 1960ರ ದಶಕದಲ್ಲಿ ಕಪ್ಪು ಎಂಬ ಮಾತನ್ನು ಅಭಿಮಾನದ ಹೆಸರಾಗಿಸಿಕೊಂಡದ್ದೂ ಇಂಥದೇ ಸಾಹಸ.

ಕುವೆಂಪು ತಮ್ಮವರ ತಪ್ಪನ್ನೂ ಮರೆಮಾಚಲಿಲ್ಲ. ಶೂದ್ರನೆನಿಸಿಕೊಂಡು ನೊಂದವರೇ ತಮಗಿಂತ ಕೆಳಗಿನವರನ್ನು ಇನ್ನೂ ಕಠೋರವಾಗಿ ಜರೆಯುತ್ತಿದ್ದರು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹೊಲೆಯರ ಜೀತದಾಳು ಗುತ್ತಿ ಮುಖ್ಯ ಪಾತ್ರಗಳಲ್ಲೊಬ್ಬನು. ನಾಯಿಗುತ್ತಿಯೆಂದು ಜನ ಕರೆದ ಅವನಿಗೂ ಪ್ರೀತಿ, ಧೈರ್ಯ, ಅಭಿಮಾನಗಳಿವೆಯೆಂದು ಓದುಗರು ಕಾಣುತ್ತಾರೆ.

1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು, ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕಾಗಿ ಕನ್ನಡದ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. 1994ರ ನವೆಂಬರ್ 11ರಂದು ನಿಧನರಾದ ಅವರ ಸಮಾಧಿ ಕುಪ್ಪಳಿಯ ಕವಿಶೈಲದಲ್ಲಿದೆ.

ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಅವಮಾನಿಸುವುದು 1989ರ ಕಾಯಿದೆಯ ಪ್ರಕಾರ ಅಪರಾಧ. ಕಾನೂನು ನಾಲಿಗೆಯನ್ನು ತಡೆಯಬಲ್ಲದು. ಮನಸ್ಸನ್ನು ತೊಳೆಯಬೇಕಾದವರು ನಾವೇ. ಹುಟ್ಟುವ ಪ್ರತಿಯೊಂದು ಮಗುವೂ ವಿಶ್ವಮಾನವನೆಂದು ನಂಬಿದ ಕವಿಯ ಬಾಳು ಕಲಿಸುವ ಪಾಠ ಇದು.