ಜೂಮ್ ಮಾಡಿದರೆ ಎರಡು ಎಕರೆ ಎಂಟಾಗುತ್ತದೆಯೇ? ಬೆಂಗಳೂರಲ್ಲಿ ಸರಪಳಿ ಹಿಡಿದ ಲ್ಯಾಂಬ್ಟನ್ ಕಥೆ

ತಿಪ್ಪಸಂದ್ರ ಕಡೆಯ ಒಂದು ಗ್ರಾಮ ನಕ್ಷೆ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದಿದೆ ಎಂದುಕೊಳ್ಳೋಣ. ಮೂಲೆಯಲ್ಲಿ 1 ಇಂಚಿಗೆ 660 ಅಡಿ ಎಂದು ಬರೆದಿದೆ. ನೀವು ಅದನ್ನು ಎರಡು ಪಟ್ಟು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು ಅಳೆಯುತ್ತೀರಿ. ಪಹಣಿಯಲ್ಲಿ ಎರಡು ಎಕರೆ ಇರುವ ಜಮೀನು ಎಂಟು ಎಕರೆ ಎಂದು ಬರುತ್ತದೆ! ಉಳಿದ ಆರು ಎಕರೆ ಯಾರು ಒತ್ತುವರಿ ಮಾಡಿದರು ಎಂದು ಪಕ್ಕದ ಜಮೀನಿನವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು, ಈ ಲೆಕ್ಕಕ್ಕಾಗಿಯೇ ಬದುಕು ಸವೆಸಿದ ಒಬ್ಬರ ಕಥೆ ಓದಿ.

ಯಾರು ಈ ಲ್ಯಾಂಬ್ಟನ್?

ವಿಲಿಯಂ ಲ್ಯಾಂಬ್ಟನ್ ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬಡ ಕುಟುಂಬದಲ್ಲಿ. ಗಣಿತದಲ್ಲಿ ಚುರುಕು. ಸೇನೆ ಸೇರಿ ಅಮೆರಿಕ ಖಂಡದಲ್ಲಿ ಹಲವು ವರ್ಷ ಕಳೆದರು. ಅಲ್ಲಿ ಸೂರ್ಯಗ್ರಹಣ ನೋಡುವಾಗ ಒಂದು ಕಣ್ಣಿಗೆ ಪೆಟ್ಟಾಯಿತು. (ಗ್ರಹಣವನ್ನು ಬರಿಗಣ್ಣಲ್ಲಿ ನೋಡಬೇಡಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ.)

1799ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧಕ್ಕೆ ಅವರು ಶ್ರೀರಂಗಪಟ್ಟಣಕ್ಕೆ ಬಂದರು. ಒಂದು ರಾತ್ರಿ ಅವರಿದ್ದ ತುಕಡಿ ಕತ್ತಲಲ್ಲಿ ಉತ್ತರಕ್ಕೆ ಹೋಗುವ ಬದಲು ದಕ್ಷಿಣಕ್ಕೆ, ಶತ್ರುವಿನ ಕಡೆಗೇ ನಡೆಯುತ್ತಿತ್ತು. ನಕ್ಷತ್ರ ನೋಡಿ ದಿಕ್ಕು ತಪ್ಪಿದ್ದನ್ನು ಗುರುತಿಸಿ ಹೇಳಿದವರು ಲ್ಯಾಂಬ್ಟನ್.

ಯುದ್ಧ ಮುಗಿದ ಮೇಲೆ ದಕ್ಷಿಣ ಭಾರತವನ್ನು ನಿಖರವಾಗಿ ಅಳೆಯುವ ಯೋಜನೆ ಮುಂದಿಟ್ಟರು. ಮದ್ರಾಸಿನ ಹಣಕಾಸು ನೋಡುವ ಒಬ್ಬ ಅಧಿಕಾರಿಗೆ ಇದು ದಂಡದ ಖರ್ಚು ಅನ್ನಿಸಿತಂತೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕಲ್ಲ, ನಕ್ಷೆ ಯಾಕೆ ಎಂಬುದು ಅವರ ವಾದ. ಆದರೂ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಒಂದು ಗೆರೆ ಅಳೆದರೆ ಸಾಕು

1800ರ ಕೊನೆಯಲ್ಲಿ ಬೆಂಗಳೂರಿನ ಬಳಿ, 1802ರಲ್ಲಿ ಮದ್ರಾಸಿನಲ್ಲಿ ಅವರು ಏಳು ಮೈಲಿಗೂ ಹೆಚ್ಚು ಉದ್ದದ ನೇರ ಗೆರೆಗಳನ್ನು ಅಳೆದರು. ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ತಯಾರಾಗಿ, ಅಲ್ಲಿ ಬೇಡವಾಗಿ, ಭಾರತಕ್ಕೆ ಬಂದ ಸರಪಳಿ ಅದು! ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಏಳೂವರೆ ಮೈಲಿಗೆ ಅದು ಒಂದು ಮೀಟರಿಗೂ ಹೆಚ್ಚು. ಅದಕ್ಕೇ ಸರಪಳಿಯ ಪಕ್ಕ ಥರ್ಮಾಮೀಟರ್ ಇಟ್ಟು ಲೆಕ್ಕ ಸರಿಪಡಿಸುತ್ತಿದ್ದರು.

ಇಷ್ಟೊಂದು ಎಚ್ಚರಿಕೆ ಯಾಕೆ? ಉಳಿದ ದೂರಗಳನ್ನು ಅವರು ನೆಲದ ಮೇಲೆ ಅಳೆಯುತ್ತಲೇ ಇರಲಿಲ್ಲ. ಎತ್ತರದ ಜಾಗಗಳಿಂದ ಕೋನಗಳನ್ನು ಮಾತ್ರ ನೋಡುತ್ತಿದ್ದರು. ತಿಪ್ಪಸಂದ್ರದವರಿಗೆ ಗೊತ್ತಿರುವ ಸಾವನದುರ್ಗದಂಥ ಬಂಡೆ ಬೆಟ್ಟಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಕೋನಗಳು ಗೊತ್ತಾದರೆ ತ್ರಿಭುಜದ ಆಕಾರ ಗೊತ್ತಾಗುತ್ತದೆ, ಗಾತ್ರ ಗೊತ್ತಾಗುವುದಿಲ್ಲ. ಒಂದು ಬಾಹುವಿನ ಉದ್ದ ಸಿಕ್ಕರೆ ಗಾತ್ರವೂ ಸಿಕ್ಕಿತು. ಅದರಿಂದ ಮುಂದಿನ ತ್ರಿಭುಜ, ಅದರಿಂದ ಮತ್ತೊಂದು. ಶಾಲೆಯಲ್ಲಿ ಓದಿದ ಸಮರೂಪ ತ್ರಿಭುಜಗಳ ಪಾಠವೇ ಇದು. ಮೊದಲ ಗೆರೆ ನೂರಕ್ಕೆ ಒಂದರಷ್ಟು ತಪ್ಪಿದ್ದರೆ ಇಡೀ ನಕ್ಷೆಯ ಎಲ್ಲ ದೂರಗಳೂ ಅಷ್ಟೇ ತಪ್ಪು.

1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಒಂದು ಗೆರೆ ಅಳೆಸಿ ಪರೀಕ್ಷೆ ಮಾಡಿದರು. ಮದ್ರಾಸಿನಿಂದ ತ್ರಿಭುಜಗಳ ಮೂಲಕ ಬಂದ ಲೆಕ್ಕಕ್ಕೂ ನೆಲದ ಅಳತೆಗೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ!

1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ, ಅರ್ಧ ಟನ್ ತೂಕದ ಕೋನ ಅಳೆಯುವ ಯಂತ್ರ ಥಿಯೋಡೊಲೈಟ್ ಗೋಡೆಗೆ ಬಡಿದು ಅದರ ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ತಾವೇ ಸರಿಪಡಿಸಿದರು. 1823ರ ಜನವರಿ 20ರಂದು, ಕೆಲಸದ ನಡುವೆಯೇ, ವರ್ಧಾ ಬಳಿಯ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಸುಮಾರು 70. ಅವರ ಸಹಾಯಕ ಜಾರ್ಜ್ ಎವರೆಸ್ಟ್ ಹೆಸರು ಇಂದು ಜಗತ್ತಿಗೇ ಗೊತ್ತು. ಲ್ಯಾಂಬ್ಟನ್ ಹೆಸರು ಕೇಳಿದವರು ಕಡಿಮೆ.

ಈಗ ನಮ್ಮ ಎರಡು ಎಕರೆಗೆ ಬರೋಣ

ಅಸಲು ನಕ್ಷೆಯಲ್ಲಿ ಜಮೀನು ಅರ್ಧ ಇಂಚು ಉದ್ದ, 0.4 ಇಂಚು ಅಗಲ. ಅಂದರೆ 330 ಅಡಿಗೆ 264 ಅಡಿ, ಒಟ್ಟು 87,120 ಚದರ ಅಡಿ. ಸರಿಯಾಗಿ ಎರಡು ಎಕರೆ. ಎರಡು ಪಟ್ಟು ಪ್ರಿಂಟಿನಲ್ಲಿ ಉದ್ದವೂ ಎರಡು ಪಟ್ಟು, ಅಗಲವೂ ಎರಡು ಪಟ್ಟು. ಹಾಗಾಗಿ ವಿಸ್ತೀರ್ಣ ಎರಡಲ್ಲ, ನಾಲ್ಕು ಪಟ್ಟು. ಮೂರು ಪಟ್ಟು ಹಿಗ್ಗಿಸಿದರೆ ಒಂಬತ್ತು ಪಟ್ಟು. ಕೋನಗಳು ಮಾತ್ರ ಹಾಗೇ ಇರುತ್ತವೆ, ಆಕಾರ ಬದಲಾಗುವುದಿಲ್ಲ. ಅದಕ್ಕೇ ನೋಡಲು ನಕ್ಷೆ ಸರಿಯಾಗಿಯೇ ಕಾಣುತ್ತದೆ, ಮೋಸ ಗೊತ್ತಾಗುವುದಿಲ್ಲ.

ಏನು ಮಾಡಬೇಕು?

ಫೋನಲ್ಲಿ ಬಂದ ಅಥವಾ ಜೆರಾಕ್ಸ್ ಆದ ನಕ್ಷೆಯಲ್ಲಿ, ಇಂಚಿಗೆ ಇಷ್ಟು ಅಡಿ ಎಂಬ ಬರಹವನ್ನು ನಂಬಬೇಡಿ. ಬರಹದ ಅಂಕಿ ಜೂಮ್ ಆಗುವುದಿಲ್ಲ. ನಕ್ಷೆಯಲ್ಲಿ ಅಳತೆಯ ಗೆರೆಪಟ್ಟಿ ಬಿಡಿಸಿದ್ದರೆ ಅದನ್ನು ನಂಬಬಹುದು. ನಕ್ಷೆ ಹಿಗ್ಗಿದಷ್ಟೇ ಅದೂ ಹಿಗ್ಗುತ್ತದೆ. ಅದೂ ಇಲ್ಲದಿದ್ದರೆ, ನಿಮಗೆ ಉದ್ದ ಗೊತ್ತಿರುವ ಒಂದು ಬದುವನ್ನು ಹಿಡಿದು ಲೆಕ್ಕ ಹಾಕಿ. ಲ್ಯಾಂಬ್ಟನ್ ಮಾಡಿದ್ದೂ ಅದನ್ನೇ. ಹದ್ದುಬಸ್ತಿನ ತಕರಾರು ಇದ್ದರೆ ಫೋನ್ ಬದಿಗಿಟ್ಟು, ಸರ್ವೆಗೆ ಅರ್ಜಿ ಹಾಕಿ.

ಗ್ರೂಪಿನಲ್ಲಿ ಯಾರಾದರೂ ನಕ್ಷೆ ಹಾಕಿದ್ದರೆ, ಅದರ ಜೊತೆಗೆ ಇದನ್ನೂ ಹಂಚಿಕೊಳ್ಳಿ. ಒಂದು ಜಗಳ ಉಳಿದೀತು.