ದಿಲ್ಲಿಗೂ ಬಲ, ಹಳ್ಳಿಗೂ ಬಲ: ಸ್ವಾಮಿ ರಾಮಾನಂದ ತೀರ್ಥರ ಬದುಕು

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ಗೆಳೆಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಸಿಇಟಿ ಹೊತ್ತಿನಲ್ಲಿ 371(ಜೆ) ಸರ್ಟಿಫಿಕೇಟಿಗಾಗಿ ತಹಶೀಲ್ದಾರ್ ಕಚೇರಿಗೆ ಓಡಾಡಿದ್ದೇವೆ. ಸೆಪ್ಟೆಂಬರ್ 17 ಬಂದರೆ ಧ್ವಜ ಹಾರಿಸುತ್ತೇವೆ, ಸಿಹಿ ತಿಂತೇವೆ. ಈ ಎರಡಕ್ಕೂ ಮೂಲವಾದ ಹೈದರಾಬಾದ್ ಸಂಸ್ಥಾನದ ಕಥೆಯ ನಟ್ಟನಡುವೆ ಕಾವಿ ಉಟ್ಟ ಒಬ್ಬ ಮೇಷ್ಟ್ರು ನಿಂತಿದ್ದಾರೆ. ಅವರೇ ಸ್ವಾಮಿ ರಾಮಾನಂದ ತೀರ್ಥ.

ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಸಿಂದಗಿಯಲ್ಲಿ. ಮೊದಲ ಹೆಸರು ವೆಂಕಟೇಶ ಭಗವಾನರಾವ್ ಖೇಡಗೀಕರ್. ಆಗ ಸಿಂದಗಿ ಬ್ರಿಟಿಷರ ಮುಂಬೈ ಪ್ರಾಂತಕ್ಕೆ ಸೇರಿತ್ತು, ಭೀಮೆಯ ಈಚೆಗಿನ ಅಫಜಲಪುರ ನಿಜಾಮನದು. ನದಿ ದಾಟಿದರೆ ರಾಜ್ಯ ಬೇರೆ, ಕಾನೂನು ಬೇರೆ, ರೊಕ್ಕ ಸುದ್ದಾ ಬೇರೆ! ವೆಂಕಟೇಶ ಸೊಲ್ಲಾಪುರ, ಪುಣೆಗಳಲ್ಲಿ ಓದಿದರು. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ದುಡಿದರು. ಆಮೇಲೆ ನಿಜಾಮನ ಸೀಮೆಯೊಳಗಿನ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಮೇಷ್ಟ್ರಾಗಿ ಬಂದರು. ಮೂವತ್ತರ ದಶಕದ ಆರಂಭದಲ್ಲಿ ಸನ್ಯಾಸ ತಗೊಂಡರು. ಆದರೆ ಗುಹೆ ಹುಡುಕಿಕೊಂಡು ಹೋಗಲಿಲ್ಲ, ಅಂಬಾಜೋಗಾಯಿಯ ಶಾಲೆಯಲ್ಲಿ ಪಾಠ ಹೇಳುತ್ತ ಉಳಿದರು.

ಸಂಸ್ಥಾನದ ಜನಸಂಖ್ಯೆ ಸುಮಾರು 1.6 ಕೋಟಿ. ಬಹುತೇಕರ ಮನೆಮಾತು ತೆಲುಗು, ಮರಾಠಿ, ಕನ್ನಡ. ಕಚೇರಿಯ ಕಾಗದ, ಕೋರ್ಟು, ಕಾಲೇಜಿನ ಪಾಠ ಎಲ್ಲ ಉರ್ದುವಿನಲ್ಲಿ. ಜವಾಬ್ದಾರಿ ಸರ್ಕಾರ ಬೇಕು ಅಂತ 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟರೆ, ಅದು ಹುಟ್ಟುವ ಮೊದಲೇ ನಿಷೇಧವಾಯಿತು. ಸ್ವಾಮೀಜಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. 1940ರಲ್ಲಿ ಮತ್ತೊಮ್ಮೆ ಹೋದರು. ನಿಷೇಧ ತೆರವಾಗಲು 1946ರವರೆಗೆ ಕಾಯಬೇಕಾಯಿತು.

ಕೇಂದ್ರ ಸರ್ಕಾರಕ್ಕೆ ಎಷ್ಟು ಬಲ ಇರಬೇಕು ಅನ್ನುವುದು ಹಳೇ ಪ್ರಶ್ನೆ. ಸ್ವಾತಂತ್ರ್ಯ ಗಳಿಸಿದ ಹೊಸದರಲ್ಲಿ ಅಮೆರಿಕದ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. 1787ರಲ್ಲಿ ಹೊಸ ಸಂವಿಧಾನ ಬರೆದಾಗ ಹ್ಯಾಮಿಲ್ಟನ್, ಮ್ಯಾಡಿಸನ್ ಕೇಂದ್ರ ಗಟ್ಟಿಯಾಗಲಿ ಅಂದರು. ಪ್ಯಾಟ್ರಿಕ್ ಹೆನ್ರಿಯಂಥವರು, ದೂರದ ಸರ್ಕಾರ ಹೊಸ ದೊರೆಯಾದೀತು ಅಂತ ಹೆದರಿದರು. 1791ರ ಹತ್ತು ತಿದ್ದುಪಡಿಗಳು ಆ ಭಯಕ್ಕೆ ಕೊಟ್ಟ ಉತ್ತರ.

ನಮ್ಮ ಸೀಮೆಗೆ ಆ ಪ್ರಶ್ನೆ ಬಂದದ್ದು 1947ರಲ್ಲಿ. ಭಾರತಕ್ಕೂ ಸೇರಲ್ಲ, ಪಾಕಿಸ್ತಾನಕ್ಕೂ ಸೇರಲ್ಲ ಅಂದ ನಿಜಾಮ. ಒಕ್ಕೂಟಕ್ಕೆ ಸೇರಲೇಬೇಕು ಅಂದರು ಸ್ವಾಮೀಜಿ. ಆಗಸ್ಟ್ 15ರಂದು ತ್ರಿವರ್ಣ ಧ್ವಜ ಹಾರಿಸಲು ಕರೆ ಕೊಟ್ಟದ್ದಕ್ಕೆ ಬಂಧನವಾಯಿತು. ನಡುವೆ ಬಿಟ್ಟರೂ ಮತ್ತೆ ಹಿಡಿದು ಒಳಗೆ ಹಾಕಿದರು. ನವೆಂಬರಿನಲ್ಲಿ ದಿಲ್ಲಿಗೂ ನಿಜಾಮನಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಊರುಗಳಲ್ಲಿ ಮಾತ್ರ ರಜಾಕಾರರ ಹಾವಳಿ ನಿಲ್ಲಲಿಲ್ಲ. ಎಷ್ಟೋ ತರುಣರು ಗಡಿ ದಾಟಿ ಸೊಲ್ಲಾಪುರ, ಬಿಜಾಪುರ ಜಿಲ್ಲೆಗಳಲ್ಲಿ ಶಿಬಿರ ಹೂಡಿದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. 17ಕ್ಕೆ ನಿಜಾಮ ಶರಣಾದ, ಸ್ವಾಮೀಜಿ ಜೈಲಿನಿಂದ ಹೊರಗೆ ಬಂದರು.

ಸಾಮಾನ್ಯವಾಗಿ ಭಾಷಣಗಳು ಇಲ್ಲಿಗೆ ಮುಗೀತಾವೆ. ಕಥೆ ಮುಗಿಯುವುದಿಲ್ಲ. ಆ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ದೊಡ್ಡ ಹಿಂಸೆ ನಡೆಯಿತು. ಕೇಂದ್ರವೇ ಕಳಿಸಿದ ಸುಂದರಲಾಲ್ ನಿಯೋಗ, ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ಮೊದಲು ಜನರಲ್ ಚೌಧರಿಯವರ ಸೈನಿಕ ಆಡಳಿತ, ಆಮೇಲೆ ದಿಲ್ಲಿ ನೇಮಿಸಿದ ಅಧಿಕಾರಿ ವೆಲ್ಲೋಡಿಯವರ ಆಡಳಿತ. ಜನ ಆರಿಸಿದ ಸರ್ಕಾರ ಬಂದದ್ದು 1952ರಲ್ಲಿ. ದೊರೆ ಹೋದ ಮಾತ್ರಕ್ಕೆ ಅಧಿಕಾರ ಹಳ್ಳಿಗೆ ಬರುವುದಿಲ್ಲ ಅನ್ನುವುದಕ್ಕೆ ಆ ಮೂರೂವರೆ ವರ್ಷಗಳೇ ಸಾಕ್ಷಿ.

1952ರ ಮೊದಲ ಚುನಾವಣೆಯಲ್ಲಿ ಸ್ವಾಮೀಜಿ ಗುಲಬರ್ಗಾದಿಂದಲೇ ಲೋಕಸಭೆಗೆ ಗೆದ್ದರು. ಆಗ ಅವರು ಹಿಡಿದ ಹಾದಿ ಹಲವರಿಗೆ ಒಗಟು. ಒಕ್ಕೂಟಕ್ಕಾಗಿ ಜೈಲು ಕಂಡವರು, ಈಗ ಹೈದರಾಬಾದ್ ರಾಜ್ಯವನ್ನೇ ಭಾಷೆಯ ಪ್ರಕಾರ ಒಡೆದು ಹಂಚಬೇಕು ಅಂತ ವಾದಿಸಿದರು. ಪ್ರಧಾನಿ ನೆಹರೂ ಅವರಿಗೆ ರಾಜ್ಯ ಒಡೆಯಲು ಮನಸ್ಸಿರಲಿಲ್ಲ, ತಮ್ಮದೇ ಪಕ್ಷದೊಳಗೂ ವಿರೋಧ ಇತ್ತು. ಆದರೂ 1956ರ ನವೆಂಬರ್ 1ರಂದು ಅದೇ ಆಯಿತು. ಗುಲಬರ್ಗಾ, ರಾಯಚೂರು, ಬೀದರದ ಕನ್ನಡ ಸೀಮೆ ಮೈಸೂರು ರಾಜ್ಯಕ್ಕೆ ಬಂತು.

ನಿನ್ನೆ ಜೋಡಿಸು ಅಂದವರು ಇವತ್ತು ಒಡೆ ಅಂದರೆ ಹೇಗೆ? ನಮಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಎರಡೂ ಸಲ ಅಳತೆಗೋಲು ಒಂದೇ: ಸರ್ಕಾರ ಜನರಿಗೆ ಉತ್ತರ ಕೊಡುತ್ತದೋ ಇಲ್ಲವೋ? ಯಾರಿಗೂ ಉತ್ತರ ಕೊಡದ ದೊರೆಯನ್ನು ಮಣಿಸಲು ದಿಲ್ಲಿಗೆ ಬಲ ಬೇಕಿತ್ತು. ಜೇವರ್ಗಿಯ ರೈತ ತನ್ನ ಅರ್ಜಿಯನ್ನು ತಾನೇ ಓದಿಕೊಳ್ಳಲು, ರಾಜ್ಯ ಅವನ ಭಾಷೆಯದಾಗಬೇಕಿತ್ತು.

1957ರಲ್ಲಿ ಅವರು ಔರಂಗಾಬಾದಿನಿಂದ ಮತ್ತೆ ಲೋಕಸಭೆಗೆ ಹೋದರು. ನಾಂದೇಡದಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದ್ದರು, ಇವತ್ತು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಪಿ.ವಿ. ನರಸಿಂಹರಾವ್ ಅವರ ಗರಡಿಯಲ್ಲೇ ಬೆಳೆದವರು. 1972ರ ಜನವರಿ 22ರಂದು ಸ್ವಾಮೀಜಿ ತೀರಿಕೊಂಡರು.

ಪ್ರಶ್ನೆ ಮಾತ್ರ ತೀರಿಲ್ಲ. ಕಲಬುರಗಿಗೆ ಹೈದರಾಬಾದ್ ದೂರವಾಯಿತು, ಬೆಂಗಳೂರು ಅದಕ್ಕಿಂತ ದೂರ. ಹಿಂದುಳಿದೆವು ಅನ್ನುವ ಕೂಗು ದಶಕಗಟ್ಟಲೆ ಕೇಳಿದ ಮೇಲೆ, ಸಂಸತ್ತು 2012ರಲ್ಲಿ 98ನೇ ತಿದ್ದುಪಡಿ ಮಾಡಿ 371(ಜೆ) ಸೇರಿಸಿತು. ಈ ಭಾಗದ ಕಾಲೇಜುಗಳಲ್ಲಿ ನಮಗೆ ಶೇ. 70, ಹೊರಗೆ ಶೇ. 8 ಸೀಟು ಸಿಗುವುದು ಅದರಿಂದಲೇ. ದಿಲ್ಲಿಯ ಅಧಿಕಾರ ಬಳಸಿ ನಮ್ಮ ತಾಲೂಕಿಗೆ ಬಲ ತಂದ ಕೆಲಸ ಇದು. ಸೀಟು ಸಿಕ್ಕಿದೆ. ಓದು ಮುಗಿದ ಮೇಲೆ ಆ ಬಲ ಆಳಂದ, ಅಫಜಲಪುರ, ಜೇವರ್ಗಿಗೆ ಎಷ್ಟು ವಾಪಸ್ ಹೋಗುತ್ತದೆ ಅನ್ನುವುದನ್ನು ಇನ್ನು ತೋರಿಸಬೇಕಾದವರು ನಾವೇ.