ಗುಡುಗಿನ ದೇವರು, ಗಡ್ಡದ ರೈತ

ಕಳೆದ ವರ್ಷ ಒಂದು ಸಂದರ್ಶನಕ್ಕೆ ಹೋಗಿದ್ದೆ. ಹವ್ಯಾಸ ಏನು ಎಂದು ಕೇಳಿದರು. ಗಮಕ ಎಂದೆ. ಅಜ್ಜಿಯಿಂದ ಕಲಿತದ್ದು, ಕುಮಾರವ್ಯಾಸ ಭಾರತ ವಾಚನ ಮಾಡುತ್ತೇನೆ ಎಂದು ವಿವರಿಸುವಷ್ಟರಲ್ಲಿ ಮೇಜಿನಾಚೆ ಕೂತಿದ್ದ ಮೂವರೂ ನಕ್ಕರು. ಕೆಟ್ಟ ನಗುವೇನಲ್ಲ, ಈ ಕಾಲದಲ್ಲೂ ಇದೆಲ್ಲ ಇದೆಯಾ ಎಂಬಂಥ ನಗು. ಕೆಲಸ ಸಿಗಲಿಲ್ಲ. ಅದಕ್ಕೆ ಕಾರಣ ಗಮಕವಲ್ಲ, ನನ್ನ ಗಣಿತ. ಆದರೂ ಆ ನಗು ಬಸ್ಸಿನಲ್ಲಿ ಊರಿನ ತನಕ ಜೊತೆಗೇ ಬಂತು.

ಸ್ವಲ್ಪ ದಿನಗಳಾದ ಮೇಲೆ ಪರೀಕ್ಷೆಗೆಂದು ಯುರೋಪಿನ ದೇಶಗಳ ಬಗ್ಗೆ ಓದುತ್ತಿದ್ದೆ. ಆಗ ಸಿಕ್ಕವರು ಐಸ್‌ಲ್ಯಾಂಡಿನ ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್. ಹುಟ್ಟಿದ್ದು 1924ರಲ್ಲಿ. ಆ ದೇಶದ ಪಶ್ಚಿಮ ಭಾಗದ ದ್ರಾಗ್‌ಹಾಲ್ಸ್ ಎಂಬಲ್ಲಿ ಕುರಿ ಸಾಕಿಕೊಂಡಿದ್ದ ರೈತ. ಉದ್ದ ಗಡ್ಡ, ಮಿತ ಮಾತು. ಜೀವ ಇದ್ದದ್ದೆಲ್ಲ ಪದ್ಯದಲ್ಲಿ. ಅಲ್ಲಿ ‘ರೀಮುರ್’ ಎಂಬ ಕಥನಕಾವ್ಯಗಳಿವೆ. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಮನೆಮಂದಿ ಉಣ್ಣೆಯ ಕೆಲಸ ಮಾಡುತ್ತಿದ್ದರೆ ಒಬ್ಬರು ರಾಗವಾಗಿ ಅದನ್ನು ಹೇಳುತ್ತಿದ್ದರಂತೆ. ನಮ್ಮ ಗಮಕದ ಅಣ್ಣನೋ ತಮ್ಮನೋ ಅನ್ನಿ. ಅದರ ಛಂದಸ್ಸುಗಳ ಮೇಲೆ ಈ ರೈತ 1953ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆ ಹಳೆಯ ಪದ್ಯಗಳ ತುಂಬ ಹಳೆಯ ದೇವತೆಗಳು. ಸಿಡಿಲಿನ ಥಾರ್, ಜ್ಞಾನದ ಓಡಿನ್, ಬೆಳೆ ಕೊಡುವ ಫ್ರೇಯ್. ಕ್ರಿ.ಶ. 1000ದ ಸುಮಾರಿಗೆ ಐಸ್‌ಲ್ಯಾಂಡ್ ಇವರನ್ನು ಬಿಟ್ಟು ಕ್ರೈಸ್ತ ದೇಶವಾಯಿತು. ಆದ ರೀತಿ ವಿಚಿತ್ರ. ಜನ ಎರಡು ಪಂಗಡವಾಗಿ ಇನ್ನೇನು ಹೊಡೆದಾಡಬೇಕು ಎನ್ನುವಾಗ ತೀರ್ಮಾನವನ್ನು ಥೋರ್ಗೇರ್ ಎಂಬ ಹಿರಿಯನಿಗೆ ಬಿಟ್ಟರು. ಆತ ಹಳೆಯ ಧರ್ಮದವನೇ. ಒಂದು ಹಗಲು ಒಂದು ರಾತ್ರಿ ಹೊದ್ದು ಮಲಗಿ, ಎದ್ದು, ಎಲ್ಲರೂ ಕ್ರೈಸ್ತರಾಗೋಣ ಎಂದ. ಮನೆಯೊಳಗೆ ಗುಟ್ಟಾಗಿ ಹಳೆಯ ಪೂಜೆ ಮಾಡಿಕೊಂಡರೆ ಅಡ್ಡಿಯಿಲ್ಲ ಎಂದೂ ಸೇರಿಸಿದ. ಕೆಲವೇ ವರ್ಷಗಳಲ್ಲಿ ಆ ರಿಯಾಯಿತಿಯೂ ಹೋಯಿತು. ಆದರೆ ಹದಿಮೂರನೇ ಶತಮಾನದಲ್ಲಿ ಆ ದೇವತೆಗಳ ಕಥೆಗಳನ್ನು ಬರೆದಿಟ್ಟು ಉಳಿಸಿದವರು ಸ್ನೋರಿ ಸ್ಟುರ್ಲುಸನ್‌ನಂಥ ಕ್ರೈಸ್ತರೇ. ಇದು ನನಗೆ ತುಂಬ ಹಿಡಿಸಿದ ಸಂಗತಿ.

1972ರ ಏಪ್ರಿಲ್‌ನಲ್ಲಿ, ಅವರ ಪಂಚಾಂಗದ ಬೇಸಿಗೆಯ ಮೊದಲ ದಿನ, ಸ್ವೇನ್‌ಬ್ಯೋರ್ನ್ ಕೆಲವು ಗೆಳೆಯರೊಡನೆ ಸೇರಿ ‘ಆಸಾತ್ರು’ ಸಂಘ ಕಟ್ಟಿದರು. ಕ್ರೈಸ್ತಧರ್ಮ ಬರುವ ಮುಂಚಿನ ದೇವತೆಗಳನ್ನು ಮತ್ತೆ ಆರಾಧಿಸುವವರನ್ನು ಪೇಗನ್ ಎನ್ನುತ್ತಾರಲ್ಲ, ಆ ಬಗೆಯದು. ಗುಂಪಿನ ಮುಖ್ಯ ಪುರೋಹಿತ ಇವರೇ. ಸರ್ಕಾರದ ಮಾನ್ಯತೆ ಬೇಕೆಂದು ಅದೇ ವರ್ಷ ಕ್ರಿಸ್‌ಮಸ್‌ಗೆ ಸ್ವಲ್ಪ ಮೊದಲು ಸಚಿವರನ್ನು ಕಂಡರು. ಸಚಿವರು ಮೊದಲು ಇದನ್ನು ತಮಾಷೆ ಎಂದುಕೊಂಡರು. (ಆ ಕೋಣೆಯ ನಗು ನನಗೆ ಚೆನ್ನಾಗಿ ಕೇಳಿಸುತ್ತದೆ.) ಇವರು ಹೊರಬಂದ ಸ್ವಲ್ಪದರಲ್ಲೇ ಗುಡುಗು ಸಿಡಿಲು ಬಂದು ರೇಕ್ಯಾವಿಕ್ ನಗರದ ನಡುಭಾಗದಲ್ಲಿ ಕರೆಂಟು ಹೋಯಿತು ಎಂದು ಇವತ್ತಿಗೂ ಅಲ್ಲಿ ಹೇಳುತ್ತಾರೆ. ಥಾರ್‌ನ ಭಕ್ತರಿಗೆ ಇನ್ನೇನು ಬೇಕು!

ನಗು ನಿಂತಿತು, ವಿರೋಧ ಶುರುವಾಯಿತು. ಅಲ್ಲಿ ಲೂಥರನ್ ಚರ್ಚು ರಾಷ್ಟ್ರೀಯ ಚರ್ಚು. ಅದರ ಬಿಷಪ್ ಬಹಿರಂಗವಾಗಿಯೇ ಅನುಮಾನ ವ್ಯಕ್ತಪಡಿಸಿದರು. ಆದರೆ ಸಂವಿಧಾನದಲ್ಲಿ ಧಾರ್ಮಿಕ ಸ್ವಾತಂತ್ರ್ಯವಿತ್ತು. 1973ರಲ್ಲಿ ಮಾನ್ಯತೆ ಸಿಕ್ಕಿತು. ಇದು ಬರೀ ಕಾಗದವಲ್ಲ. ಸಂಘ ನಡೆಸುವ ಮದುವೆಗೆ ಕಾನೂನಿನ ಬಲ ಬಂತು, ಸದಸ್ಯರ ಲೆಕ್ಕದಲ್ಲಿ ತೆರಿಗೆಯ ಪಾಲೂ ಬಂತು.

ಆ ಆಗಸ್ಟ್‌ನಲ್ಲಿ ದ್ರಾಗ್‌ಹಾಲ್ಸ್‌ನ ಹೊಲದಲ್ಲಿ ಮೊದಲ ಬಹಿರಂಗ ಪೂಜೆ ನಡೆಯಿತು. ಥಾರ್‌ನ ಒಂದು ಗಾರೆಯ ಮೂರ್ತಿ, ಮೇಲೆ ಸುರಿಯುವ ಮಳೆ, ನೆನೆದು ತೊಪ್ಪೆಯಾದ ಜನ. ಪ್ರಾಣಿಬಲಿ ಇಲ್ಲ. ದೇವತೆಗಳ ಹೆಸರು ಹೇಳಿ ಕುಡಿಯುವುದು, ಪದ್ಯ ಹೇಳುವುದು, ಒಟ್ಟಿಗೆ ಉಣ್ಣುವುದು ಅಷ್ಟೇ. ಇಂಥದ್ದನ್ನೇ ನಂಬಬೇಕೆಂಬ ಕಟ್ಟಳೆಯಿಲ್ಲ, ಮತಪ್ರಚಾರವೂ ಇಲ್ಲ. ಸ್ವೇನ್‌ಬ್ಯೋರ್ನ್‌ಗೆ ಹೆಚ್ಚು ಇಷ್ಟವಾದವನು ಥಾರ್. ರೈತರ ದೇವರು ತಾನೇ. ಬೇರೆ ಕೆಲವು ದೇಶಗಳಲ್ಲಿ ಇದೇ ದೇವತೆಗಳ ಹೆಸರಲ್ಲಿ ಜನಾಂಗದ್ವೇಷ ಸಾರುವ ಗುಂಪುಗಳಿವೆ. ಈ ಸಂಘ ಅವರನ್ನು ಹತ್ತಿರ ಸೇರಿಸುವುದಿಲ್ಲ.

1982ರಲ್ಲಿ ‘ರೋಕ್ ಈ ರೇಕ್ಯಾವಿಕ್’ ಎಂಬ ಸಾಕ್ಷ್ಯಚಿತ್ರ ಬಂತು. ತುಂಬ ಪಂಕ್ ಹುಡುಗ ಹುಡುಗಿಯರು, ಗಿಟಾರುಗಳ ಗಲಾಟೆ. ಅದೇ ಚಿತ್ರದಲ್ಲಿ ನಮ್ಮ ಗಡ್ಡದ ರೈತ ರೀಮುರ್ ಹೇಳುತ್ತಾರೆ. ವಾದ್ಯವಿಲ್ಲ, ಬರೀ ಕಂಠ.

ಆ ದಶಕದಲ್ಲಿ ಸಂಘದ ಸದಸ್ಯರು ನೂರೂ ಇರಲಿಲ್ಲ. 1993ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಈಗ ಸದಸ್ಯರ ಸಂಖ್ಯೆ 5,000 ದಾಟಿದೆ. ಆ ಬೆಳವಣಿಗೆಯನ್ನು ಅವರು ನೋಡಲಿಲ್ಲ. ನೋಡಿದ್ದರೂ ಕುರಿ ಕಡೆ ನಡೆದುಬಿಡುತ್ತಿದ್ದರೇನೋ ಅಂತ ನನ್ನ ಊಹೆ.

ಮೊನ್ನೆ ಇನ್ನೊಂದು ಅರ್ಜಿ ತುಂಬಿದೆ. ಹವ್ಯಾಸ ಎಂಬಲ್ಲಿ ‘ಓದುವುದು, ಕ್ರಿಕೆಟ್’ ಎಂದು ಬರೆದಿದ್ದನ್ನು ಹೊಡೆದುಹಾಕಿ ‘ಗಮಕ’ ಎಂದು ಬರೆದೆ. ಚಿತ್ತಾದ ಅರ್ಜಿ ನಡೆಯುವುದಿಲ್ಲವಂತೆ. ನಾಳೆ ಹೊಸ ಫಾರಂ ತರಬೇಕು.